ದೂರ ಅಳೆದ ಮೇಲೇ ಗಾತ್ರ ಕಾಣುವುದೇ?

ಪರ

ಎತ್ತಿನ ಕಣ್ಣೊಂದನ್ನು ತೆಗೆದುಕೊಳ್ಳಿ. ಹಿಂಬದಿಯ ಪೊರೆ ಕತ್ತರಿಸಿ, ಆ ಜಾಗಕ್ಕೆ ತೆಳು ಕಾಗದ ಹೊದಿಸಿ. ಕತ್ತಲೆ ಕೋಣೆಯ ಕಿಂಡಿಗೆ ಅದನ್ನು ಸಿಕ್ಕಿಸಿದರೆ ಹೊರಗಿನ ನೋಟವೆಲ್ಲ ಕಾಗದದ ಮೇಲೆ ಪುಟ್ಟದಾಗಿ, ತಲೆಕೆಳಗಾಗಿ ಮೂಡುತ್ತದೆ. ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್ 1637ರಲ್ಲಿ ವಿವರಿಸಿದ ಪ್ರಯೋಗ ಇದು.

ಈಗ ಎದುರಿನ ಮನುಷ್ಯ ಹತ್ತು ಅಡಿಯಿಂದ ನೂರು ಅಡಿ ದೂರಕ್ಕೆ ನಡೆದು ಹೋಗಲಿ. ಕಣ್ಣಿನೊಳಗೆ ಅವನ ಚಿತ್ರದ ವಿಸ್ತೀರ್ಣ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೂ ಅವನು ಕುಳ್ಳನಾದ ಅಂತ ಯಾರಿಗೂ ಅನ್ನಿಸುವುದಿಲ್ಲ, ಅಲ್ವಾ? ಅಂದರೆ ಮನಸ್ಸು ಬರೀ ಚಿತ್ರವನ್ನು ನಂಬುತ್ತಿಲ್ಲ, ಜೊತೆಗೆ ದೂರವನ್ನೂ ಸೇರಿಸಿಕೊಳ್ಳುತ್ತಿದೆ.

ದೂರ ಗೊತ್ತಾಗುವುದು ಹೇಗೆ? ಕುರುಡನೊಬ್ಬ ಎರಡು ಕೈಯಲ್ಲಿ ಎರಡು ಕೋಲು ಹಿಡಿದು, ಎರಡರ ತುದಿಯನ್ನೂ ಒಂದೇ ವಸ್ತುವಿಗೆ ತಾಗಿಸುತ್ತಾನೆ. ಕೈಗಳ ನಡುವಿನ ಅಂತರ, ಕೋಲುಗಳ ಓರೆ, ಇಷ್ಟರಿಂದಲೇ ವಸ್ತು ಎಲ್ಲಿದೆ ಎಂದು ತಿಳಿಯುತ್ತಾನೆ. ನಮ್ಮ ಎರಡು ಕಣ್ಣುಗಳೂ ಹಾಗೇ ಕೆಲಸ ಮಾಡುತ್ತವೆ ಅಂದ ದೆಕಾರ್ತ್. ಹುಟ್ಟಿನಿಂದಲೇ ಬಂದ ಜ್ಯಾಮಿತಿ ಇದು.

ಚಂದ್ರನನ್ನೇ ನೋಡಿ. ಹುಟ್ಟುವಾಗಲೂ ನೆತ್ತಿಯ ಮೇಲಿರುವಾಗಲೂ ಕಣ್ಣಿಗೆ ಬೀಳುವ ಅವನ ಅಗಲ, ಕೋನದ ಲೆಕ್ಕದಲ್ಲಿ, ಸುಮಾರು ಅರ್ಧ ಡಿಗ್ರಿಯೇ. ಆದರೂ ಹುಟ್ಟುವಾಗ ದೊಡ್ಡದಾಗಿ ಕಾಣುತ್ತಾನೆ. ನಡುವೆ ಹರಡಿದ ನೆಲ ಕಂಡು ನಾವು ಅವನನ್ನು ಜಾಸ್ತಿ ದೂರ ಇಡುತ್ತೇವೆ, ಅದಕ್ಕೇ ಜಾಸ್ತಿ ದೊಡ್ಡದು ಎನ್ನುತ್ತಾನೆ ಫ್ರಾನ್ಸಿನ ಇನ್ನೊಬ್ಬ ತತ್ವಜ್ಞಾನಿ ಮಾಲ್‌ಬ್ರಾಂಶ್. ಮಸಿ ಹಿಡಿಸಿದ ಗಾಜಿನಿಂದ ನೆಲವನ್ನು ಮರೆಮಾಡಿದರೆ ಚಂದ್ರ ಕುಗ್ಗುತ್ತಾನಂತೆ.

ವಿರೋಧ

ನನ್ನ ಮನಸ್ಸು ವಾಲುವುದು ಈ ಕಡೆಗೆ. ಲೆಕ್ಕ ಹಾಕುವವನಿಗೆ ಅಂಕಿಗಳಾದರೂ ಗೊತ್ತಿರಬೇಕು. ಎರಡು ಕಣ್ಣುಗಳ ನೋಟ ಕೂಡುವ ಕೋನವನ್ನು ನೀವು ಯಾವತ್ತಾದರೂ ಕಂಡಿದ್ದೀರಾ? ಐರ್ಲೆಂಡಿನ ತತ್ವಜ್ಞಾನಿ ಬರ್ಕ್ಲಿ 1709ರಲ್ಲಿ ಎತ್ತಿದ ಆಕ್ಷೇಪ ಇದೇ: ನೋಡುವವನಿಗೆ ಗೊತ್ತೇ ಇಲ್ಲದ ಗೆರೆ, ಕೋನಗಳು ಅವನಿಗೆ ಏನನ್ನೂ ತಿಳಿಸಲಾರವು.

ಹಾಗಾದರೆ ಗಾತ್ರ ಕಾಣುವುದು ಹೇಗೆ? ಮುಖ ಕೆಂಪಾದರೆ ನಾಚಿಕೆ ಅಂತ ನಮಗೆ ಥಟ್ಟನೆ ತಿಳಿಯುತ್ತದೆ. ಅಲ್ಲಿ ಯಾವ ಜ್ಯಾಮಿತಿಯೂ ಇಲ್ಲ, ನೋಡಿ ನೋಡಿ ಆದ ರೂಢಿ ಅಷ್ಟೇ. ಗಾತ್ರವೂ ಹಾಗೇ. ಮಸುಕು, ಬಣ್ಣ, ಅಕ್ಕಪಕ್ಕದ ವಸ್ತುಗಳು, ಕಣ್ಣಿಗೆ ಬೀಳುವ ಆಯಾಸ, ಇವೆಲ್ಲ ಒಂದು ಭಾಷೆಯ ಪದಗಳಂತೆ. ಕೈಯಿಂದ ಮುಟ್ಟಿ, ನಡೆದು ಹೋಗಿ, ಅವುಗಳ ಅರ್ಥ ಕಲಿಯುತ್ತೇವೆ.

ಚಂದ್ರನ ವಿಷಯದಲ್ಲೂ ಬರ್ಕ್ಲಿ ಬಿಡಲಿಲ್ಲ. ಗೋಡೆಯ ಹಿಂದೆ ನಿಂತು ನೆಲ ಕಾಣದಂತೆ ನೋಡಿದರೂ ಹುಟ್ಟುವ ಚಂದ್ರ ದೊಡ್ಡದೇ ಎಂದ. ಗಾಳಿಯಲ್ಲಿನ ಆವಿಯಿಂದ ಬರುವ ಮಸುಕೇ ಕಾರಣ ಎಂಬ ಅವನ ಉತ್ತರ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ತಿಳಿಯಾದ ರಾತ್ರಿಯಲ್ಲೂ ಚಂದ್ರ ದೊಡ್ಡದಾಗಿಯೇ ಹುಟ್ಟುತ್ತಾನೆ.

ಆದರೆ 1728ರ ಒಂದು ವರದಿಯನ್ನು ಮರೆಯಲಾರೆ. ತೀರಾ ಎಳೆಯದರಲ್ಲೇ ದೃಷ್ಟಿ ಕಳೆದುಕೊಂಡ, ಹದಿಮೂರು ಹದಿನಾಲ್ಕರ ಹುಡುಗನ ಕಣ್ಣಿನ ಪೊರೆಯನ್ನು ಇಂಗ್ಲೆಂಡಿನ ಶಸ್ತ್ರವೈದ್ಯ ಚೆಸೆಲ್ಡನ್ ಸರಿಪಡಿಸಿದ್ದ. ನೋಡಿದ್ದೆಲ್ಲ ಕಣ್ಣಿಗೇ ತಾಗುತ್ತಿದೆ ಅನ್ನಿಸಿತು ಹುಡುಗನಿಗೆ. ತಾನಿರುವ ಕೋಣೆ ಮನೆಯ ಒಂದು ಭಾಗ ಅಂತ ಅವನಿಗೆ ಗೊತ್ತು. ಆದರೂ ಮನೆ ಕೋಣೆಗಿಂತ ದೊಡ್ಡದಾಗಿ ಕಾಣಬಹುದು ಅಂತ ಊಹಿಸಲು ಆಗಲಿಲ್ಲ. ಕಣ್ಣು ಇತ್ತು. ರೂಢಿ ಇರಲಿಲ್ಲ.

ಅಮ್ಮನ ಗಡಿಯಾರಕ್ಕೆ ಸೇರಿಸಿದ್ದ ಲಾಕೆಟ್‌ನಲ್ಲಿ ಅಪ್ಪನ ಪುಟ್ಟ ಚಿತ್ರವಿತ್ತು. ಯಾರದೆಂದು ಹೇಳಿದ ಮೇಲೆ ಹೋಲಿಕೆ ಒಪ್ಪಿಕೊಂಡ. ಆದರೆ ಅಷ್ಟು ದೊಡ್ಡ ಮುಖ ಇಷ್ಟು ಚಿಕ್ಕ ಜಾಗದಲ್ಲಿ ಹೇಗೆ ಹಿಡಿಸಿತು ಅಂತ ಕೇಳಿದ. ಅವನಿಗೆ ಅದು, ನಮ್ಮ ಅಳತೆಯಲ್ಲಿ ಹೇಳುವುದಾದರೆ, ಪಾವಿನೊಳಗೆ ಕೊಳಗ ಅಕ್ಕಿ ತುಂಬಿದ ಹಾಗೆ.