ಪರ-ವಿರೋಧ: ಅಕ್ಟೋಬರ್ 23ರಂದು ಕುಣಿತ, ಊಟ ಬೇಕೆ?

ಹಂಗೇರಿ ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಅಕ್ಟೋಬರ್ 23ರ ಆಸುಪಾಸಿನಲ್ಲಿ ಸೇರುತ್ತಾರೆ. 1956ರ ಆ ದಿನ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಎದ್ದ, ಸೋವಿಯತ್ ಟ್ಯಾಂಕುಗಳು ಹೊಸಕಿ ಹಾಕಿದ ಬಂಡಾಯಕ್ಕೆ ಹೂಗುಚ್ಛ, ಮೌನ. ಎಷ್ಟೋ ಕಡೆ ಅದರ ಬೆನ್ನಿಗೇ ಚಾರ್ದಾಶ್ ಕುಣಿತ, ಗುಲಾಷ್ ಊಟ. ಸೋಲಿನ ನೆನಪಿಗೆ ಹೀಗೆ ಹಬ್ಬವನ್ನು ಬೆರೆಸಬಹುದೆ?

ಪರ

ಹಂಗೇರಿಯನ್ನರ ಬಳಿ ನಡುವೆ ತೂತಿರುವ ಒಂದು ಬಾವುಟವಿದೆ. ಕೆಂಪು, ಬಿಳಿ, ಹಸಿರು ಪಟ್ಟಿಗಳ ಮಧ್ಯೆ ಇದ್ದ ಸುತ್ತಿಗೆ ಮತ್ತು ಗೋಧಿ ತೆನೆಯ ಸರ್ಕಾರಿ ಲಾಂಛನವನ್ನು 1956ರ ಅಕ್ಟೋಬರ್‌ನಲ್ಲಿ ಜನ ಕತ್ತರಿಸಿ ಬಿಸಾಡಿದ್ದರಿಂದ ಆದ ತೂತು ಅದು. "ಇದ್ಯಾಕಜ್ಜಿ ಹರಿದಿದೆ?" ಎಂದು ಮಗು ಕೇಳಬೇಕಾದರೆ ಮೊದಲು ಅದು ಅಲ್ಲಿಗೆ ಬರಬೇಕಲ್ಲ. ಭಾಷಣ ಕೇಳಲು ಯಾವ ಮಗುವೂ ಬರುವುದಿಲ್ಲ. ಹಿಟ್ಟನ್ನು ದಪ್ಪ ಕೋಲಿಗೆ ಸುರುಳಿ ಸುತ್ತಿ, ಸಕ್ಕರೆಯಲ್ಲಿ ಹೊರಳಿಸಿ, ಕೆಂಡದ ಮೇಲೆ ತಿರುಗಿಸುತ್ತಾ ಸುಡುವ ಕ್ಯುರ್ತೋಶ್‌ಕಲಾಚ್‌ನ ವಾಸನೆಗೆ ಓಡಿ ಬರುತ್ತದೆ.

ದಂಗೆ ಮುರಿದ ಮೇಲೆ ಸುಮಾರು 2 ಲಕ್ಷ ಜನ ದೇಶ ಬಿಟ್ಟರು, ಹೆಚ್ಚಿನವರು ಆಸ್ಟ್ರಿಯಾದ ಗಡಿ ದಾಟಿ. ಅಮೆರಿಕಕ್ಕೆ ಹೋದವರಲ್ಲಿ 30 ಸಾವಿರಕ್ಕೂ ಹೆಚ್ಚು ಮಂದಿ ಮೊದಲು ಇಳಿದದ್ದು ನ್ಯೂಜೆರ್ಸಿಯ ಕ್ಯಾಂಪ್ ಕಿಲ್ಮರ್ ಎಂಬ ಸೇನಾ ಶಿಬಿರದಲ್ಲಿ. ಅದಿದ್ದದ್ದು ಇಂದು ಕನ್ನಡಿಗರೂ ಮನೆ ಮಾಡಿಕೊಂಡಿರುವ ಎಡಿಸನ್-ಪಿಸ್ಕಾಟವೇ ಕಡೆ. ಇತ್ತ ಹಂಗೇರಿಯಲ್ಲಿ, ದಂಗೆ ಮುರಿದ ಮೇಲೆ ಸೋವಿಯತ್ ಬೆಂಬಲದಿಂದ ಬಂದ ಕಾದಾರ್ ಸರ್ಕಾರ 30 ವರ್ಷ ಆ ಘಟನೆಯನ್ನು "ಪ್ರತಿಕ್ರಾಂತಿ" ಎಂದೇ ಕರೆಯಿತು. 1857ನ್ನು ಒಬ್ಬರು ಸಿಪಾಯಿ ದಂಗೆ ಎಂದೂ ಇನ್ನೊಬ್ಬರು ಸ್ವಾತಂತ್ರ್ಯ ಸಂಗ್ರಾಮ ಎಂದೂ ಬರೆದದ್ದನ್ನು ಓದಿ ಬೆಳೆದ ನಮಗೆ ಹೆಸರಿನ ಈ ಜಗಳ ಹೊಸದಲ್ಲ. ಅಷ್ಟೂ ವರ್ಷ "ಕ್ರಾಂತಿ" ಎಂಬ ಮಾತನ್ನು ಅಂಜದೆ ಆಡಿದವರು ಯಾರು? ಚರ್ಚಿನ ಹಿಂದಿನ ಹಾಲ್‌ನಲ್ಲಿ ದೊಡ್ಡ ಪಾತ್ರೆಯಲ್ಲಿ ಗುಲಾಷ್ ಕುದಿಸಿದವರು, ವಾರಾಂತ್ಯದ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದವರು, ಸ್ಕೌಟ್ ತಂಡ ಕಟ್ಟಿದವರು. ಇವರ ಕೈಯಲ್ಲಿ ಊಟ, ಭಾಷೆ, ನೆನಪು ಮೂರೂ ಒಂದೇ ಗಂಟಾಗಿತ್ತು.

ಸೋಲನ್ನು ಊಟದ ಮೇಜಿನ ಮೇಲಿಟ್ಟುಕೊಳ್ಳುವುದು ಹಂಗೇರಿಯನ್ನರಿಗೆ ಹಳೆಯ ಅಭ್ಯಾಸ. ಆಸ್ಟ್ರಿಯಾದ ವಿರುದ್ಧದ ಸ್ವಾತಂತ್ರ್ಯ ಸಮರ ಸೋತ ಮೇಲೆ, 1849ರ ಅಕ್ಟೋಬರ್ 6ರಂದು ಆಸ್ಟ್ರಿಯನ್ನರು ಅರಾದ್‌ನಲ್ಲಿ ಹಂಗೇರಿ ಪಡೆಯ 13 ಮಂದಿ ಸೇನಾಪತಿಗಳನ್ನು ಕೊಂದರು. ಕೊಂದವರು ಬಿಯರ್ ಗ್ಲಾಸು ತಾಗಿಸಿ ಸಂಭ್ರಮಿಸಿದರೆಂಬುದು ಐತಿಹ್ಯ. ನಿಜವೋ ಕಟ್ಟುಕತೆಯೋ, ಇವತ್ತಿಗೂ ಬಿಯರ್ ಗ್ಲಾಸು ತಾಗಿಸದವರಿದ್ದಾರೆ. ಶೋಕ ಇಷ್ಟು ಕಾಲ ಬಾಳಿದ್ದು ಪಾನಗೋಷ್ಠಿಯಲ್ಲಿ!

ವಿರೋಧ

1989ರ ಜೂನ್ 16, ಬುಡಾಪೆಸ್ಟ್‌ನ ವೀರರ ಚೌಕ. 1956ರ ನಾಯಕರ ಮರುಸಂಸ್ಕಾರಕ್ಕೆ ತಂದ ಆರು ಶವಪೆಟ್ಟಿಗೆಗಳು. ಐದು, ಬಂಡಾಯದ ದಿನಗಳಲ್ಲಿ ಪ್ರಧಾನಿಯಾಗಿದ್ದ ಇಮ್ರೆ ನಾಜ್ ಮತ್ತು ಅವರ ನಾಲ್ವರು ಸಂಗಾತಿಗಳವು. ಆರನೆಯದು ಖಾಲಿ, ಹೆಸರಿಲ್ಲದೆ ಸತ್ತವರಿಗೆ. ಸರಿಯಾಗಿ 31 ವರ್ಷ ಹಿಂದೆ ನಾಜ್‌ರನ್ನು ಗಲ್ಲಿಗೇರಿಸಿ, ಹೆಣವನ್ನು ಡಾಂಬರು ಕಾಗದದಲ್ಲಿ ಸುತ್ತಿ ಬೋರಲಾಗಿ ಹೂತಿದ್ದರು. ಆ ಖಾಲಿ ಪೆಟ್ಟಿಗೆಯ ಪಕ್ಕದಲ್ಲಿ ಸಿಹಿತಿಂಡಿಯ ಅಂಗಡಿಯನ್ನು ನಿಮ್ಮ ಕಣ್ಣಮುಂದೆ ತಂದುಕೊಳ್ಳಿ. ನನಗಂತೂ ಆಗುತ್ತಿಲ್ಲ.

ಮಕ್ಕಳು ತಿಂಡಿಗೆ ಬರುತ್ತಾರೆ, ಒಪ್ಪಿದೆ. ಆದರೆ ಬಂದ ಮಗುವಿಗೆ ಹೇಳುವುದೇನು? ಕಸೂತಿ ಲಂಗ ತೊಟ್ಟು ಗಿರಗಿರನೆ ತಿರುಗುವವರನ್ನು ನೋಡಿದ ಮಗು, ಹಳ್ಳಿಯ ಜನ ಒಂದು ದಿನ ಕಮ್ಯುನಿಸ್ಟರ ಮೇಲೆ ತಿರುಗಿಬಿದ್ದರು ಎಂದುಕೊಂಡೀತು. ನಿಜದಲ್ಲಿ ಬುಡಾಪೆಸ್ಟ್‌ನ ಬೀದಿಗಿಳಿದವರು ಹೆಚ್ಚಾಗಿ ವಿದ್ಯಾರ್ಥಿಗಳು, ಕಾರ್ಖಾನೆಯ ಕಾರ್ಮಿಕರು. ಅವರು ಪ್ರಧಾನಿ ಪಟ್ಟಕ್ಕೆ ಕರೆದ ನಾಜ್ ಸ್ವತಃ ಕಮ್ಯುನಿಸ್ಟ್. ನವೆಂಬರ್ 4ರಂದು ಟ್ಯಾಂಕುಗಳು ನುಗ್ಗಿದ ಮೇಲೂ ಕಾರ್ಮಿಕ ಮಂಡಳಿಗಳು ಮುಷ್ಕರ ಬಿಡಲಿಲ್ಲ. ಅವಕ್ಕೆ ಬೇಕಿದ್ದದ್ದು ಕಾರ್ಖಾನೆ ತಮ್ಮ ಕೈಗೆ. ಹಳೆಯ ಮಾಲೀಕರಿಗೆ ಅಲ್ಲ. ಅಕ್ಟೋಬರ್ 30ರಂದು ಗಣರಾಜ್ಯ ಚೌಕದಲ್ಲಿ ಪಕ್ಷದ ಕಚೇರಿಯಿಂದ ಕೈಯೆತ್ತಿ ಹೊರಬಂದವರನ್ನು ಗುಂಪು ಕೊಂದದ್ದೂ ಇದೇ ಕತೆಯ ಭಾಗ. ಇದನ್ನೆಲ್ಲ ಯಾವ ಕುಣಿತ ಹೇಳುತ್ತದೆ? ಹಬ್ಬಕ್ಕೆ ಬೇಕಾದದ್ದು ನೇರವಾದ, ಸಿಹಿಯಾದ ಕತೆ.

ಇರುಸುಮುರುಸಿನ ಪ್ರಶ್ನೆ ನಮ್ಮ ಬುಡಕ್ಕೂ ಬರುತ್ತದೆ. ನವೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಹಂಗೇರಿಯಲ್ಲಿ ಮುಕ್ತ ಚುನಾವಣೆ ಕೇಳಿದ ನಿರ್ಣಯದ ವಿರುದ್ಧ ಸೋವಿಯತ್ ಬಣದ ಜೊತೆ ಭಾರತವೂ ಮತ ಹಾಕಿತು. ಕೃಷ್ಣ ಮೆನನ್ ಹಾಕಿದ ಆ ಮತಕ್ಕೆ, ನೆಹರೂ ಮೊದಮೊದಲು ತಡವರಿಸಿದ್ದಕ್ಕೆ ಜಯಪ್ರಕಾಶ ನಾರಾಯಣರಂಥವರು ಇಲ್ಲೇ ಛೀಮಾರಿ ಹಾಕಿದರು. ಅತ್ತ ಬುಡಾಪೆಸ್ಟ್‌ನಲ್ಲಿ ನಾಜ್ ಸರ್ಕಾರದ ಸಚಿವ ಇಶ್ತ್ವಾನ್ ಬಿಬೋ ಬರೆದ ಸಂಧಾನದ ಕರಡನ್ನು ಆರ್ಪಾದ್ ಗೊಂಟ್ಸ್ ತಲುಪಿಸಿದ್ದು ಭಾರತದ ರಾಯಭಾರ ಕಚೇರಿಗೇ. ಗೊಂಟ್ಸ್‌ಗೆ ಜೀವಾವಧಿ ಶಿಕ್ಷೆಯಾಯಿತು. 1990ರಲ್ಲಿ ಅವರೇ ರಾಷ್ಟ್ರಾಧ್ಯಕ್ಷರಾದರು. ಒಂದೇ ದೇಶದ ಬಗ್ಗೆ ಕೋಪವೂ ಋಣವೂ ಒಟ್ಟಿಗೇ ಇರುವ ಇಂಥ ಸಂಗತಿಯನ್ನು ಕೂತು, ನಿಧಾನವಾಗಿ ಮಾತಾಡಬೇಕು. ಬ್ಯಾಂಡಿನ ಸದ್ದಿನ ನಡುವೆ ಆಗುವ ಮಾತಲ್ಲ.

ಕುಣಿಯಬೇಡಿ ಎನ್ನುವುದಿಲ್ಲ. ಕ್ಯಾಂಪ್ ಕಿಲ್ಮರ್‌ಗೆ ಹತ್ತಿರದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಹಂಗೇರಿಯನ್ ಹಬ್ಬ ನಡೆಯುವುದು ಜೂನ್‌ನಲ್ಲಿ. ಬೀದಿ ತುಂಬ ಕುಣಿತ, ಊಟ. ಅಲ್ಲಿ ಯಾರ ತಕರಾರೂ ಇಲ್ಲ. ಅಕ್ಟೋಬರ್‌ಗೆ 1989ರ ಆ ಚೌಕದ ಮಾದರಿಯೇ ಸಾಕು. ಅಲ್ಲಿ ಗಲ್ಲಿಗೇರಿದವರ ಹೆಸರುಗಳನ್ನು ಒಂದೊಂದಾಗಿ ಓದಿದರು, ಜನ ನಿಂತು ಕೇಳಿದರು.