ಗೋರ್ಗಿಯಸ್‌ಗೆ ಈಗ ಕಾಲರ್ ಮೈಕ್ ಸಿಕ್ಕಿದೆ

ನಮ್ ಚಿಕ್ಕಪ್ಪ ಶುಗರ್ ಮಾತ್ರೆ ಬಿಟ್ಟು ಹದಿನೈದು ದಿನ ಆಯ್ತಂತೆ. ಯಾಕೆ ಚಿಕ್ಕಪ್ಪ ಅಂದ್ರೆ ಮೊಬೈಲ್ ತಂದು ಮುಖಕ್ಕೇ ಹಿಡಿದ್ರು. ಕೊರಳಲ್ಲಿ ಸ್ಟೆತಾಸ್ಕೋಪು, ಕಾಲರಿಗೆ ಪುಟ್ಟ ಮೈಕು, ಹಿಂದೆ ತುಳಸಿಕಟ್ಟೆ, "ಈ ಸತ್ಯ ಯಾವ ಡಾಕ್ಟ್ರೂ ಹೇಳಲ್ಲ, ಕೊನೆವರೆಗೂ ನೋಡಿ". 90 ಸೆಕೆಂಡಿನ ರೀಲು, ಅದ್ರಲ್ಲಿ 40 ಸೆಕೆಂಡು ಕೊನೆವರೆಗೂ ನೋಡಿ ಅನ್ನೋದಕ್ಕೇ ಹೋಯ್ತು, ಮಿಕ್ಕಿದ್ದು ಯಾವ್ದೋ ಎಲೆ ಪುಡಿ, 1,499 ರೂಪಾಯಿ, ಲಿಂಕ್ ಬಯೋದಲ್ಲಿದೆ.

ನಂಗೆ ತಕ್ಷಣ ನೆನಪಾಗಿದ್ದು ಗೋರ್ಗಿಯಸ್, ಹಳೇ ಕಾಲದ ಗ್ರೀಕ್ ಮಾತುಗಾರ. ಸಿಸಿಲಿ ಕಡೆಯವನು, ಕ್ರಿ.ಪೂ. 427ರಲ್ಲಿ ರಾಯಭಾರಿಯಾಗಿ ಅಥೆನ್ಸಿಗೆ ಬಂದು ಮಾತಲ್ಲೇ ಊರನ್ನ ಮರುಳು ಮಾಡಿದ, ಆಮೇಲೆ ಅದೇ ಮಾತು ಕಲಿಸಿ ಚೆನ್ನಾಗೇ ದುಡ್ಡು ಮಾಡ್ಕೊಂಡ. ಪ್ಲೇಟೋ ಬರೆದ ಸಂವಾದದಲ್ಲಿ ಈ ಮಹಾಶಯ ಸಾಕ್ರೆಟಿಸ್ ಎದುರೇ ಕೊಚ್ಕೋತಾನೆ, ಸಭೇಲಿ ವೈದ್ಯನ ಕೆಲ್ಸಕ್ಕೆ ಒಬ್ಬ ಅಸಲಿ ವೈದ್ಯ ಒಬ್ಬ ಮಾತುಗಾರ ನಿಂತ್ರೆ ಕೆಲ್ಸ ಸಿಗೋದು ಮಾತುಗಾರನಿಗೇ ಅಂತ. ಸಾಕ್ರೆಟಿಸ್ ಬಿಡ್ತಾನಾ, ಮಕ್ಕಳನ್ನ ಜಡ್ಜ್ ಮಾಡಿ ಕೂರ್ಸಿ ಅಡುಗೆಯವನನ್ನೂ ಡಾಕ್ಟ್ರನ್ನೂ ಎದುರುಬದುರು ನಿಲ್ಸಿದ್ರೆ ಡಾಕ್ಟ್ರು ಹಸ್ಕೊಂಡು ಸಾಯ್ಬೇಕಾಗುತ್ತೆ ಅಂತ ಕುಟುಕ್ತಾನೆ. (ನಮ್ಮ ಚಿಕ್ಕಪ್ಪಂಗೆ ಅರವತ್ತೆಂಟು, ಆ ಮಕ್ಕಳ ಲೆಕ್ಕಕ್ಕೆ ಸೇರಿಸ್ಬಹುದಾ ಗೊತ್ತಿಲ್ಲ.)

ಅರಿಸ್ಟಾಟಲ್ ಪಾಪ ಒಳ್ಳೇ ಮನುಷ್ಯ, ಕೇಳೋರ ನಂಬಿಕೆ ಆಡೋ ಮಾತಿಂದಲೇ ಹುಟ್ಟಬೇಕು, ಆಡೋನ ಬಗ್ಗೆ ಮೊದ್ಲೇ ಇರೋ ಅಭಿಪ್ರಾಯದಿಂದಲ್ಲ ಅಂತ ಬರೆದಿಟ್ಟ, ಆಡೋನ ಮೇಲೆ ಹೀಗೆ ಹುಟ್ಟೋ ನಂಬಿಕೆಗೇ ಎಥೋಸು ಅನ್ನೋದು. ನಮ್ಮ ರೀಲಣ್ಣನ ಎಥೋಸು ಕೊರಳಿಗೆ ನೇತಾಡ್ತಿದೆ, ಅದರ ಇನ್ನೊಂದು ತುದಿ ಯಾವ ಎದೆಗೂ ಮುಟ್ಟಿದ ಹಾಗೆ ಕಾಣಲ್ಲ.

ಒಂದು ಮಾತ್ರ ಗೋರ್ಗಿಯಸ್ ಪರವಾಗಿ ಹೇಳ್ಲೇಬೇಕು. ಅವನ ಒಡಹುಟ್ಟಿದವನು ಹೆರೊಡಿಕಸ್ ವೈದ್ಯ, ಅವನ ರೋಗಿಗಳು ಮದ್ದು ಕುಡಿಯಲ್ಲ ಕೊಯ್ಸ್ಕೊಳಲ್ಲ ಅಂತ ಹಟ ಹಿಡಿದಾಗ ಗೋರ್ಗಿಯಸ್ ಹೋಗಿ ಮಾತಾಡಿ ಒಪ್ಪಿಸ್ತಿದ್ನಂತೆ. ಅಂದ್ರೆ ಆ ಮಾತಿನ ಮಲ್ಲ ಕೂಡ ನಾಲಿಗೆ ಖರ್ಚು ಮಾಡಿದ್ದು ಡಾಕ್ಟ್ರು ಕೊಟ್ಟ ಮದ್ದು ಕುಡಿಸೋಕೆ!

ನಾನೂ ಟ್ರೈ ಮಾಡ್ದೆ. ಕಿಡ್ನಿ ಅಂದೆ, ಕಣ್ಣು ಅಂದೆ, ಚಿಕ್ಕಮ್ಮನ್ನ ಕರೆದು ಕಣ್ಣೀರೂ ಹಾಕಿಸ್ದೆ. ಚಿಕ್ಕಪ್ಪ ಪೂರ್ತಿ ಕೇಳಿಸ್ಕೊಂಡು, "ಚೆನ್ನಾಗ್ ಮಾತಾಡ್ತೀಯ ಕಣೋ, ನೀನೂ ಒಂದು ಚಾನೆಲ್ ಮಾಡು" ಅಂದ್ರು.