ಧರ್ಮಸಭೆ ಬೇಕು, ಅದಕ್ಕೇ ಲೆಕ್ಕವೂ ಬೇಕು

ಹಬ್ಬದ ಊಟಕ್ಕೆ ಎಲ್ಲರೂ ಸೇರಿದರೆ ನಮ್ಮ ಮನೆಯಲ್ಲಿ ಈಗೀಗ ಇದೇ ಚರ್ಚೆ. ಅಕ್ಕನ ಮಗ ಬೆಂಗಳೂರಿನಲ್ಲಿ ಓದಿ ಅಲ್ಲೇ ಕೆಲಸದಲ್ಲಿದ್ದಾನೆ. "ದೇವರು ಇರಲಿ ಚಿಕ್ಕಮ್ಮ, ನನ್ನದೇನೂ ತಕರಾರಿಲ್ಲ. ಆದರೆ ಈ ಬಿಷಪ್ಪು, ಈ ನಿಯಮ, ಈ ಕಾಣಿಕೆ ಪೆಟ್ಟಿಗೆ ಎಲ್ಲ ಯಾಕೆ? ಪ್ರಾರ್ಥನೆ ಮಾಡೋಕೆ ಆಫೀಸು ಬೇಕಾ?" ಅನ್ನುತ್ತಾನೆ. ಅವನ ಅಪ್ಪ, ಅಂದರೆ ನಮ್ಮ ಭಾವ, ಧರ್ಮಕೇಂದ್ರದ, ಅಂದರೆ ಚರ್ಚಿನ, ಪಾಲನಾ ಸಮಿತಿಯಲ್ಲಿ ಇದ್ದವರು. ಅವರಿಗೆ ಸಿಟ್ಟು ಬರುತ್ತದೆ. "ನೀನು ಹುಟ್ಟಿದ ಆಸ್ಪತ್ರೆ ಯಾರದ್ದು, ಓದಿದ ಶಾಲೆ ಯಾರದ್ದು, ಮೊದಲು ಅದು ಹೇಳು" ಅಂತ ಶುರು ಮಾಡುತ್ತಾರೆ.

ಇಬ್ಬರ ಮಾತೂ ನನಗೆ ಸಾಲದು. ನಾನು ಚಿಕ್ಕಮಗಳೂರು ಧರ್ಮಪ್ರಾಂತ್ಯದ ಕಥೋಲಿಕ ಹೆಣ್ಣುಮಗಳು, ಭಾನುವಾರದ ಬಲಿಪೂಜೆ ತಪ್ಪಿಸದವಳು. ನಾನು ಹೇಳಬೇಕಾಗಿರುವುದು ಇಷ್ಟು. ಧರ್ಮಸಭೆಗೆ, ಅಂದರೆ ನಮ್ಮ ಇಡೀ ಕಥೋಲಿಕ ಚರ್ಚಿಗೆ, ಸಂಘಟನೆ ಬೇಕೇ ಬೇಕು. ಆದರೆ ಅದರಿಂದ ಬಂದ ಒಳ್ಳೆಯದೂ ಕೆಟ್ಟದ್ದೂ ಒಂದೇ ಬೇರಿನಿಂದ ಬಂದಿವೆ. ಆ ಬೇರು ವಿಧೇಯತೆ. ಅದಕ್ಕೆ ಲೆಕ್ಕ ಕೇಳಬೇಕಾದವರು ಬೆಂಚಿನಲ್ಲಿ ಕೂತಿರುವ ನಾವು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ, ಅದು ನಮ್ಮ ಮನೆಯದ್ದೇ ಕಥೆ. ನಮ್ಮಜ್ಜ ಮೂಡಿಗೆರೆ ಕಡೆಯ ಕಾಫಿ ತೋಟದ ಲೈನ್ ಮನೆಯಲ್ಲಿ ಇದ್ದವರು. ತೋಟದ ಚೆಕ್ ರೋಲಿನಲ್ಲಿ ಅವರ ಹೆಸರಿನ ಮುಂದೆ ಹಾಜರಿ ಮತ್ತು ಕೂಲಿ, ಅಷ್ಟೇ. ಅಪ್ಪ ಹುಟ್ಟಿದ ತಾರೀಖು ಸರ್ಕಾರದ ಯಾವ ಕಾಗದದಲ್ಲೂ ಇರಲಿಲ್ಲ. ಇದ್ದಿದ್ದು ಚರ್ಚಿನ ಜ್ಞಾನಸ್ನಾನದ ರಿಜಿಸ್ಟರಿನಲ್ಲಿ. ಉದ್ದನೆಯ ದಪ್ಪ ಪುಸ್ತಕ ಅದು. ಒಂದೊಂದು ಸಾಲಿನಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ಜ್ಞಾನಸ್ನಾನದ ದಿನ, ತಂದೆ ತಾಯಿ, ಜ್ಞಾನ ತಂದೆ, ಜ್ಞಾನ ತಾಯಿ, ಕೊನೆಯಲ್ಲಿ ಫಾದರ್ ಸಹಿ. ಅಪ್ಪನ ಹೆಸರಿನ ಮೇಲಿನ ಸಾಲು ತೋಟದ ಲೆಕ್ಕ ಬರೆಯುವ ರೈಟರ ಮಗನದು. ಅದರ ಕೆಳಗೆ ಕೂಲಿಯವನ ಮಗ. ಅದೇ ಕೈಬರಹ, ಅದೇ ಶಾಯಿ, ಅಷ್ಟೇ ಅಗಲದ ಸಾಲು. ಆ ಸಾಲಿನ ನಕಲು ತೋರಿಸಿ ಅಪ್ಪ ಶಾಲೆಗೆ ಸೇರಿದರು. ಯಾರೋ ಒಬ್ಬರು ಒಳ್ಳೆ ಮನಸ್ಸಿನಿಂದ ಪ್ರಾರ್ಥನೆ ಮಾಡಿದ್ದಕ್ಕೆ ಆಗುವ ಕೆಲಸ ಅಲ್ಲ ಇದು. ರಿಜಿಸ್ಟರ್ ಇಡಬೇಕು ಅನ್ನೋ ನಿಯಮ ಇತ್ತು. ಒಬ್ಬ ಫಾದರ್ ಹೋಗಿ ಇನ್ನೊಬ್ಬರು ಬಂದಾಗ ಪುಸ್ತಕ ಅವರ ಕೈಗೆ ಹೋಗುವ ಪದ್ಧತಿ ಇತ್ತು. ಅದಕ್ಕೇ ಆಯಿತು.

ಆಸ್ಪತ್ರೆಗಳ ಕಥೆಯೂ ಹಾಗೇ. ಚಿಕ್ಕಮಗಳೂರಿನ ಹೋಲಿ ಕ್ರಾಸ್ ಆಸ್ಪತ್ರೆ ಗೊತ್ತಿಲ್ಲದವರು ನಮ್ಮ ಕಡೆ ಕಡಿಮೆ. ಅಂಥ ಆಸ್ಪತ್ರೆಗಳಿಗೆ, ತೋಟದ ಊರುಗಳ ಶಾಲೆಗಳಿಗೆ ಬರುವ ಸಿಸ್ಟರುಗಳಲ್ಲಿ ಎಷ್ಟೋ ಜನ ಕೇರಳದವರು, ಮಂಗಳೂರಿನವರು. ಮಲೆನಾಡಿನ ಮಳೆ, ಚಳಿ, ಜಿಗಣೆ ಅವರೇನೂ ಆರಿಸಿಕೊಂಡಿದ್ದಲ್ಲ. ಬಡತನ, ಬ್ರಹ್ಮಚರ್ಯ, ವಿಧೇಯತೆ ಅಂತ ಮೂರು ವ್ರತ ತೊಟ್ಟಿದ್ದಾರೆ. ಮಠದಿಂದ ವರ್ಗಾವಣೆ ಪತ್ರ ಬರುತ್ತದೆ, ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಾರೆ. ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ. ರಾತ್ರಿ ಹೊತ್ತು ಹೆರಿಗೆ ಕೋಣೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಅಕ್ಕನ ಮಗನಿಗೆ ನನ್ನ ಉತ್ತರ ಇದು. ಮನೆಯಲ್ಲಿ ಕೂತು ಮಾಡುವ ಧ್ಯಾನ ಒಳ್ಳೆಯದೇ ಇರಬಹುದು. ಅದಕ್ಕೆ ನೈಟ್ ಡ್ಯೂಟಿ ಇರುವುದಿಲ್ಲ.

ಈಗ ಅದೇ ವರ್ಗಾವಣೆ ಪತ್ರದ ಇನ್ನೊಂದು ಮುಖಕ್ಕೆ ಬರುತ್ತೇನೆ. ಭಾವ ಕೇಳಿಸಿಕೊಳ್ಳಬೇಕಾದ್ದು ಇದು.

2002ರ ಜನವರಿಯಲ್ಲಿ ಅಮೆರಿಕದ ಬಾಸ್ಟನ್ ಗ್ಲೋಬ್ ಪತ್ರಿಕೆ ಒಂದು ವರದಿ ಹಾಕಿತು. ಜಾನ್ ಗೇಗನ್ ಅನ್ನುವ ಪಾದ್ರಿಯ ಮೇಲೆ 130ಕ್ಕೂ ಹೆಚ್ಚು ಜನ ದೂರು ಹೇಳಿದ್ದರು. ಎಲ್ಲರೂ ಚಿಕ್ಕ ಮಕ್ಕಳಾಗಿದ್ದಾಗ ಲೈಂಗಿಕ ದೌರ್ಜನ್ಯ ಅನುಭವಿಸಿದವರು. ಸುಮಾರು 30 ವರ್ಷ, ಅರ್ಧ ಡಜನ್ ಧರ್ಮಕೇಂದ್ರಗಳು. ಒಂದು ಕಡೆ ದೂರು ಬಂದರೆ ಇನ್ನೊಂದು ಕಡೆಗೆ ವರ್ಗಾವಣೆ. ಹೊಸ ಊರಿನ ತಾಯಂದಿರಿಗೆ ಏನೂ ಗೊತ್ತಿಲ್ಲ. ಅವರು ಫಾದರನ್ನು ಮನೆಗೆ ಕರೆದು ಊಟ ಹಾಕುತ್ತಿದ್ದರು. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ಯಾಕೆಂದರೆ ನಾವೂ ಹಾಗೇ ಕರೆಯುವವರು.

ಬಾಸ್ಟನ್ನಿನ ಪಾದ್ರಿಗಳಿಗೆಲ್ಲ ಮೇಲಿನವರಾದ ಆರ್ಚ್‌ಬಿಷಪ್, ಕಾರ್ಡಿನಲ್ ಬರ್ನಾರ್ಡ್ ಲಾ ಅದೇ ವರ್ಷದ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ಆಮೇಲೆ? 2004ರಲ್ಲಿ ರೋಮಿನ ಸಾಂತಾ ಮರಿಯಾ ಮಜ್ಜೋರೆ ಮಹಾದೇವಾಲಯದ ಮುಖ್ಯಸ್ಥರಾದರು. ಮಾತೆ ಮರಿಯಮ್ಮನ ಹೆಸರಿನ ದೊಡ್ಡ ದೇವಾಲಯ ಅದು. ಧರ್ಮಸಭೆಯನ್ನು ಪ್ರೀತಿಸುವವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕಾ?

ನಮ್ಮವರು ಇದಕ್ಕೆ ಕೊಡುವ ಉತ್ತರ ನನಗೆ ಬಾಯಿಪಾಠ ಆಗಿದೆ. "ಶೇಕಡ 4 ಜನ ಅಷ್ಟೇ, ಉಳಿದ 96 ಜನ ಒಳ್ಳೆಯವರು." ಅಂಕಿ ಸುಳ್ಳಲ್ಲ. ಅಮೆರಿಕದ ಬಿಷಪ್ಪರೇ ಮಾಡಿಸಿದ ಜಾನ್ ಜೇ ಕಾಲೇಜಿನ ಅಧ್ಯಯನ 2004ರಲ್ಲಿ ಬಂತು. 1950ರಿಂದ 2002ರವರೆಗೆ 4,392 ಪಾದ್ರಿಗಳ ಮೇಲೆ ಆರೋಪ ಇತ್ತು, ಸುಮಾರು ಶೇಕಡ 4. ಆದರೆ ಈ ಲೆಕ್ಕ ಮಕ್ಕಳನ್ನು ಮುಟ್ಟಿದವರದ್ದು ಮಾತ್ರ. ವರ್ಗಾವಣೆ ಪತ್ರಕ್ಕೆ ಸಹಿ ಹಾಕಿದವರು, ದೂರು ಕೊಡಲು ಬಂದ ತಾಯಿಗೆ "ಧರ್ಮಸಭೆಯ ಮಾನ ನೋಡಮ್ಮ" ಅಂದವರು, ಫೈಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದವರು ಆ 4ರಲ್ಲಿ ಬರುವುದಿಲ್ಲ. ಅವರು ಒಳ್ಳೆಯವರ ಲೆಕ್ಕದಲ್ಲೇ ಇದ್ದಾರೆ. ನನ್ನ ಸಿಟ್ಟು ಇರುವುದು ಅಲ್ಲಿ. ಪಾಪ ಮಾಡುವವರು ಎಲ್ಲ ಕಡೆ ಇರುತ್ತಾರೆ. ಪಾಪವನ್ನು ಅಚ್ಚುಕಟ್ಟಾಗಿ ಮುಚ್ಚಿಡೋಕೆ ಮಾತ್ರ ಸಂಘಟನೆ ಬೇಕು.

ದೂರದ ದೇಶದ ಮಾತು ಅಂತ ಬಿಡುವ ಹಾಗಿಲ್ಲ. ಕೊಟ್ಟಾಯಂನ ಸಿಸ್ಟರ್ ಅಭಯಾ 1992ರ ಮಾರ್ಚ್ 27ರಂದು ಕಾನ್ವೆಂಟಿನ ಬಾವಿಯಲ್ಲಿ ಹೆಣವಾಗಿ ಸಿಕ್ಕರು. ಪೊಲೀಸರು ಮೊದಲು ಆತ್ಮಹತ್ಯೆ ಅಂದರು. ಸಿಬಿಐ ನ್ಯಾಯಾಲಯ ಇದು ಕೊಲೆ ಅಂತ ಹೇಳಿ ಒಬ್ಬ ಪಾದ್ರಿಗೂ ಒಬ್ಬ ಸಿಸ್ಟರಿಗೂ ಶಿಕ್ಷೆ ಕೊಟ್ಟಿದ್ದು 2020ರ ಡಿಸೆಂಬರಿನಲ್ಲಿ. 2022ರಲ್ಲಿ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಹಾಗಾಗಿ ತಪ್ಪು ಯಾರದು ಅಂತ ನಾನು ತೀರ್ಪು ಕೊಡಲು ಹೋಗುವುದಿಲ್ಲ. ನನ್ನನ್ನು ಕಾಡುವುದು ಬೇರೆ. ಆ ಕೇಸಿನ ಮುಖ್ಯ ಸಾಕ್ಷಿ ಒಬ್ಬ ಕಳ್ಳ. ಸಿಡಿಲು ತಡೆಯಲು ಹಾಕಿದ್ದ ತಾಮ್ರ ಕದಿಯಲು ಆ ರಾತ್ರಿ ಕಾನ್ವೆಂಟಿಗೆ ನುಗ್ಗಿದ್ದವನು. ಎಷ್ಟೋ ಸಾಕ್ಷಿಗಳು ತಿರುಗಿಬಿದ್ದ ಮೇಲೂ ಅವನು ತನ್ನ ಮಾತು ಬದಲಿಸಲಿಲ್ಲ. ದಿನಾ ಜಪಸರ ಹಿಡಿಯುವ ಇಷ್ಟೊಂದು ಜನ ಇರುವ ಊರಿನಲ್ಲಿ ಕೊನೆಯವರೆಗೂ ನಿಂತು ಹೇಳಿದವನು ತಾಮ್ರದ ಕಳ್ಳ. ಯೇಸುವಿನ ಬಲಗಡೆ ಶಿಲುಬೆಯಲ್ಲಿ ಇದ್ದವನೂ ಕಳ್ಳನೇ ಅಲ್ವಾ, ಅದು ನಮಗೆ ಪ್ರತಿ ಶುಭ ಶುಕ್ರವಾರ ನೆನಪಾಗಬೇಕು.

ಜಾತಿಯ ವಿಷಯವೂ ಇದೆ. ತಿರುಚಿನಾಪಳ್ಳಿಯ ಕಥೋಲಿಕ ಸ್ಮಶಾನದಲ್ಲಿ ದಲಿತ ಕ್ರೈಸ್ತರ ಗೋರಿಗಳಿಗೂ ಉಳಿದವರ ಗೋರಿಗಳಿಗೂ ನಡುವೆ ಗೋಡೆ ಕಟ್ಟಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಜಾತಿಭೇದ ನಮ್ಮೊಳಗೂ ಇದೆ ಅಂತ ಭಾರತದ ಬಿಷಪ್ಪರ ಸಮ್ಮೇಳನವೇ 2016ರ ತನ್ನ ದಲಿತ ನೀತಿಯಲ್ಲಿ ಒಪ್ಪಿಕೊಂಡಿತು. ಹೈದರಾಬಾದಿನ ಆರ್ಚ್‌ಬಿಷಪ್ ಆಂಥೋನಿ ಪೂಲ 2022ರಲ್ಲಿ ಮೊದಲ ದಲಿತ ಕಾರ್ಡಿನಲ್ ಆದರು. ಖುಷಿಯ ವಿಷಯವೇ. ಇಷ್ಟು ತಡ ಯಾಕಾಯಿತು ಅಂತ ಕೇಳದೆ ಖುಷಿಪಡುವುದು ನನ್ನಿಂದ ಆಗುವುದಿಲ್ಲ. ಅಪ್ಪನ ಹೆಸರು ರೈಟರ ಮಗನ ಹೆಸರಿನ ಕೆಳಗೆ ಅಷ್ಟೇ ಅಗಲದ ಸಾಲಿನಲ್ಲಿ ಬರೆದ ಧರ್ಮಸಭೆ, ಸತ್ತ ಮೇಲೆ ನಡುವೆ ಗೋಡೆ ಇರಲು ಹೇಗೆ ಬಿಟ್ಟಿತು?

ಇನ್ನು ಭಾವನ ಕೊನೆಯ ಮಾತು. "ಮನೆ ಮಾತು ಹೊರಗೆ ಹೋಗಬಾರದು. ಈಗಿನ ಕಾಲದಲ್ಲಿ ಇದನ್ನೆಲ್ಲ ಬರೆದರೆ ನಮ್ಮನ್ನು ಕಂಡರಾಗದವರ ಕೈಗೆ ನಾವೇ ಕಲ್ಲು ಕೊಟ್ಟ ಹಾಗೆ." ಇದನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು, ಉಡುಪಿ ಮಾತ್ರ ಅಲ್ಲ, ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಚರ್ಚುಗಳ ಮೇಲೆ ದಾಳಿ ಆಯಿತು. ಆ ಭಯ ನಮ್ಮ ಹಿರಿಯರ ಮೈಯಲ್ಲಿ ಇನ್ನೂ ಇದೆ. ಭಾವ ಮಾತಾಡದೆ ಇರುವುದು ಅಹಂಕಾರದಿಂದಲ್ಲ, ಆ ಭಯದಿಂದ. ಆದರೆ ಕಲ್ಲು ಹೊಡೆಯುವವರು ನಮ್ಮ ಮಕ್ಕಳ ಬಗ್ಗೆ ಕಾಳಜಿಯಿಂದ ಬರುವವರಲ್ಲ. ನಾವು ಮುಚ್ಚಿಟ್ಟರೂ ಬರುತ್ತಾರೆ, ಹೇಳಿದರೂ ಬರುತ್ತಾರೆ. ಅವರಿಗೆ ಹೆದರಿ ನಮ್ಮ ಮಗುವಿನ ಬಾಯಿ ಮುಚ್ಚಿಸಿದರೆ ಆ ಮಗುವಿಗೆ ಕಲ್ಲು ಹೊಡೆದವರು ನಾವೇ ಆಗುತ್ತೇವೆ.

"ಬೇರೆ ಧರ್ಮದಲ್ಲಿ ಇಲ್ವಾ?" ಅಂತಲೂ ಕೇಳುತ್ತಾರೆ. ಇದೆ. ಅಲ್ಲಿ ಕೇಳಲು ಅಲ್ಲಿನವರು ಇದ್ದಾರೆ. ನಾನು ಜ್ಞಾನಸ್ನಾನ ಪಡೆದದ್ದು ಇಲ್ಲಿ.

ಅಕ್ಕನ ಮಗನಿಗೆ ಶೆಟ್ಟಿಹಳ್ಳಿಯ ಹಳೇ ಚರ್ಚು ಅಂದರೆ ಪ್ರಾಣ. ಹಾಸನದ ಹತ್ತಿರ, ಗೊರೂರು ಡ್ಯಾಮಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗುತ್ತದೆ. ಚಾವಣಿ ಇಲ್ಲ, ಗೋಡೆಗಳು ಮಾತ್ರ. ಫೋಟೋ ತೆಗೆಸಿಕೊಳ್ಳುವವರು ಜಾಸ್ತಿ. "ನಿಜವಾದ ಶಾಂತಿ ಸಿಗುವುದು ಇಲ್ಲೇ ಚಿಕ್ಕಮ್ಮ, ಫಾದರೂ ಇಲ್ಲ, ಕಮಿಟಿಯೂ ಇಲ್ಲ" ಅಂತಾನೆ. ಶಾಂತಿ ಇದೆ, ಒಪ್ಪುತ್ತೇನೆ. ಆದರೆ ಆ ಗೋಡೆಗಳು ಯಾರಿಗೂ ಮದುವೆ ಮಾಡಿಸುವುದಿಲ್ಲ, ಯಾರ ಹೆಣವನ್ನೂ ಮಣ್ಣು ಮಾಡುವುದಿಲ್ಲ. ನೀರು ಬಂದಾಗ ಎದ್ದು ಹೋದ ಊರಿನ ಜನರಿಗೆ ಬೇಕಾಗಿದ್ದು ಹೋದ ಕಡೆ ಒಬ್ಬ ಫಾದರ್, ಒಂದು ಗಂಟೆ, ಒಂದು ಸ್ಮಶಾನ. ಕಮಿಟಿ ಇಲ್ಲದೆ ಅದು ಆಗುವುದಿಲ್ಲ ಮಗನೇ.

ಹಾಗಾದರೆ ಮಾಡುವುದೇನು? ನಮ್ಮ ಧರ್ಮಸಭೆಯ ಕಾನೂನೇ ನಮಗೆ ದಾರಿ ಬಿಟ್ಟಿದೆ. 1983ರ ಕಾನೂನು ಸಂಹಿತೆಯ 212ನೇ ವಿಧಿ ಓದಿ. ಧರ್ಮಸಭೆಯ ಒಳಿತಿನ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವುದು ಭಕ್ತರ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು ಅಂತ ಇದೆ. 537ನೇ ವಿಧಿ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಆರ್ಥಿಕ ಸಮಿತಿ ಇರಲೇಬೇಕು. 1287ನೇ ವಿಧಿ ಭಕ್ತರು ಕೊಟ್ಟ ಕಾಣಿಕೆಗೆ ಭಕ್ತರಿಗೆ ಲೆಕ್ಕ ಕೊಡಬೇಕು ಅನ್ನುತ್ತದೆ. ಕೇಳುವುದು ಧರ್ಮದ್ರೋಹ ಅಲ್ಲ. ಪೋಪ್ ಫ್ರಾನ್ಸಿಸ್ 2019ರಲ್ಲಿ ತಂದ ನಿಯಮದ ಪ್ರಕಾರ ಇಂಥ ದೌರ್ಜನ್ಯ ಗೊತ್ತಾದರೆ ಫಾದರುಗಳೂ ಸಿಸ್ಟರುಗಳೂ ಮೇಲಿನವರಿಗೆ ತಿಳಿಸಲೇಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ನಮ್ಮ ದೇಶದ ಪೋಕ್ಸೋ ಕಾಯ್ದೆ ಇನ್ನೂ ಗಟ್ಟಿ. 2012ರ ಆ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಿರುವ ಯಾರೇ ಆದರೂ ಪೊಲೀಸರಿಗೆ ಹೇಳಬೇಕು. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು.

ಫ್ರಾನ್ಸಿನ ಬಿಷಪ್ಪರು ಒಂದು ಒಳ್ಳೆ ಕೆಲಸ ಮಾಡಿದರು. ಹೊರಗಿನ ಸ್ವತಂತ್ರ ಆಯೋಗವನ್ನು ಕೂರಿಸಿ ತಮ್ಮ ಫೈಲುಗಳನ್ನು ತೆರೆದುಕೊಟ್ಟರು. 1950ರಿಂದ ಸುಮಾರು 2,16,000 ಮಕ್ಕಳು ಪಾದ್ರಿಗಳಿಂದ, ಧಾರ್ಮಿಕ ಸಂಸ್ಥೆಗಳ ಸದಸ್ಯರಿಂದ ದೌರ್ಜನ್ಯಕ್ಕೆ ಒಳಗಾಗಿರಬಹುದು ಅಂತ ಆ ಆಯೋಗ 2021ರ ಅಕ್ಟೋಬರಿನಲ್ಲಿ ಅಂದಾಜು ಕೊಟ್ಟಿತು. ಭಯಂಕರ ಅಂಕಿ. ಆದರೂ ನಮ್ಮಲ್ಲೂ ಅಂಥ ಆಯೋಗ ಬೇಕು ಅಂತಲೇ ನಾನು ಹೇಳುತ್ತೇನೆ.

ಅಲ್ಲಿಯವರೆಗೆ ನಮ್ಮ ನಮ್ಮ ಚರ್ಚಿನಲ್ಲಿ ಆಗಬಹುದಾದ್ದು ಇದೆ. ಬಲಿಪೂಜೆಯ ಸಮಯ, ಮದುವೆ ಪ್ರಕಟಣೆ ಅಂಟಿಸುವ ಬೋರ್ಡಿನಲ್ಲೇ ಎರಡು ಕಾಗದ ಜಾಸ್ತಿ ಅಂಟಿಸಲಿ. ಒಂದರಲ್ಲಿ ವರ್ಷದ ಜಮಾ ಖರ್ಚು. ಇನ್ನೊಂದರಲ್ಲಿ ಮಕ್ಕಳ ದೂರು ಯಾರಿಗೆ ಹೇಳಬೇಕು ಅನ್ನುವ ಹೆಸರು ಮತ್ತು ಫೋನ್ ನಂಬರ್, ಕೆಳಗೆ ಮಕ್ಕಳ ಸಹಾಯವಾಣಿ 1098. ಆ ಹೆಸರು ಫಾದರದ್ದೋ ಸಿಸ್ಟರದ್ದೋ ಆಗಿರಬಾರದು, ಹೊರಗಿನ ಒಬ್ಬ ಹೆಣ್ಣುಮಗಳದ್ದಾಗಿರಬೇಕು. ಮುಂದಿನ ಪಾಲನಾ ಸಮಿತಿ ಸಭೆಗೆ ನಾನು ಇದನ್ನು ಬರೆದು ಕೊಡುತ್ತಿದ್ದೇನೆ. ಹಾಸನ, ಚಿಕ್ಕಮಗಳೂರು ಕಡೆಯ ನಮ್ಮವರು ಯಾರಾದರೂ ನಿಮ್ಮ ಧರ್ಮಕೇಂದ್ರದಲ್ಲೂ ಕೊಡುವುದಾದರೆ ಹೇಳಿ, ಬರೆದ ಪತ್ರದ ನಕಲು ಕಳಿಸುತ್ತೇನೆ.